ಉಗಾಂಡದ ಬೀದಿಯ ಚಪಾತಿ

ಪೂರ್ವ ಆಫ್ರಿಕದ ಉಗಾಂಡ ದೇಶಕ್ಕೆ ರಾಜಧಾನಿಯಾದ ಕಂಪಾಲವು ಗುಡ್ಡಗಳ ಮೇಲೆ ಹಬ್ಬಿಕೊಂಡಿರುವ ನಗರ. ಅಲ್ಲಿಯ ಮಕೆರೆರೆ ಗುಡ್ಡದ ಮೇಲೆ ಅದೇ ಹೆಸರಿನ ವಿಶ್ವವಿದ್ಯಾಲಯವಿದೆ. ಗುಡ್ಡದ ಬುಡದಲ್ಲಿ ವಾಂಡೆಗೆಯವೆಂಬ ಪೇಟೆಯಿದೆ. ಸಂಜೆಯಾಯಿತೆಂದರೆ ಈ ಪೇಟೆಯ ಬೀದಿಯ ಅಂಚಿನಲ್ಲಿ ಇದ್ದಲ ಒಲೆಗಳು ಹೊತ್ತಿಕೊಳ್ಳುತ್ತವೆ. ಒಲೆಯ ಮೇಲೆ ದುಂಡನೆಯ ಕಬ್ಬಿಣದ ಕಾವಲಿ. ಪಕ್ಕದ ಹಲಗೆಯ ಮೇಲೆ ನಾದಿಟ್ಟ ಮೈದಾಹಿಟ್ಟಿನ ಉಂಡೆಗಳು. ಒಂದು ಬುಟ್ಟಿಯಲ್ಲಿ ಮೊಟ್ಟೆ, ಮತ್ತೊಂದರಲ್ಲಿ ಈರುಳ್ಳಿ, ಟೊಮೆಟೊ, ಎಲೆಕೋಸು. ಪಾಠ ಮುಗಿಸಿದ ವಿದ್ಯಾರ್ಥಿಗಳು, ಬಾಡಿಗೆಯ ಮೋಟಾರು ಸೈಕಲ್ಲಿನ ಸವಾರರು, ಕೆಲಸದಿಂದ ಮನೆಗೆ ಹೊರಟ ಕೂಲಿಯವರು ಆ ಒಲೆಗಳನ್ನು ಸುತ್ತುವರಿದು ನಿಲ್ಲುತ್ತಾರೆ. ಅವರು ಕೇಳುವ ತಿಂಡಿಯ ಹೆಸರು ‘ರೊಲೆಕ್ಸ್’. ಅದರ ಮೈಯಾಗಿರುವುದು ಹಿಂದೂಸ್ಥಾನದ ಚಪಾತಿ.

ಮಾಡುವ ಕ್ರಮವು ಸರಳವಾದುದು. ಹಿಟ್ಟಿಗೆ ಉಪ್ಪು, ನೀರು, ಸ್ವಲ್ಪ ಎಣ್ಣೆ ಸೇರಿಸಿ ಮೆದುವಾಗಿ ನಾದುವರು. ಲಟ್ಟಿಸಿ, ಮೇಲೆ ಎಣ್ಣೆ ಸವರಿ, ಸುರುಳಿ ಸುತ್ತಿ, ಮತ್ತೊಮ್ಮೆ ಲಟ್ಟಿಸುವರು. ಈ ಕಾರಣದಿಂದ ಅದು ಬೆಂದಾಗ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಹೀಗೆ ಬೇಯಿಸಿದ ಚಪಾತಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವರು. ಗಿರಾಕಿಯು ಬಂದು ಇಷ್ಟು ಮೊಟ್ಟೆ ಎಂದೊಡನೆ ಮಾರುವವನು ಮೊಟ್ಟೆಗಳನ್ನು ಲೋಟಕ್ಕೆ ಒಡೆದು, ಸಣ್ಣಗೆ ಹೆಚ್ಚಿದ ಈರುಳ್ಳಿ ಎಲೆಕೋಸುಗಳನ್ನೂ ಉಪ್ಪನ್ನೂ ಹಾಕಿ ಕಲಕಿ ಕಾವಲಿಯ ಮೇಲೆ ಹುಯ್ಯುತ್ತಾನೆ. ಅದು ಗಟ್ಟಿಯಾಗುವಷ್ಟರಲ್ಲಿ ಚಪಾತಿಯನ್ನು ಅದರ ಮೇಲೆ ಹೊದಿಸಿ, ಮಗುಚಿಹಾಕಿ, ಟೊಮೆಟೊವಿನ ಬಿಲ್ಲೆಗಳನ್ನು ಇಟ್ಟು, ಚಾಪೆಯನ್ನು ಸುತ್ತುವಂತೆ ಸುತ್ತಿ, ಕಾಗದದಲ್ಲಿ ಮಡಿಸಿ ಕೈಗೆ ಕೊಡುತ್ತಾನೆ. ಇಷ್ಟೂ ಕೆಲಸಕ್ಕೆ ಕೆಲವು ನಿಮಿಷಗಳು ಸಾಕು.

ಹಿಂದೂಸ್ಥಾನದಿಂದ ಹೊಸದಾಗಿ ಹೋದವನು ಇದನ್ನು ಬಾಯಿಗಿಟ್ಟಾಗ ಆಗುವ ಅನುಭವವು ವಿಚಿತ್ರವಾದುದು. ಪರಿಚಿತವಾದುದು ಅಪರಿಚಿತವಾಗಿ ಬಂದಂತೆ ಇರುತ್ತದೆ. ಪದರಪದರವಾದ ಹಿಟ್ಟು ಪರೋಟವನ್ನು ನೆನಪಿಗೆ ತರುತ್ತದೆ; ಆದರೆ ನಾಲಗೆಯು ಹುಡುಕುವ ಮೆಣಸಿನಕಾಯಿಯೂ ಜೀರಿಗೆಯೂ ಕೊತ್ತಂಬರಿಯೂ ಅಲ್ಲಿ ಇಲ್ಲ. ಉಪ್ಪು, ಎಣ್ಣೆ, ಎಲೆಕೋಸಿನ ಸಿಹಿ, ಟೊಮೆಟೊವಿನ ಹುಳಿ—ಇಷ್ಟೇ. ಸಂಬಾರದ ಗೊಡವೆಯಿಲ್ಲದ ಈ ರುಚಿಯು ಹಸಿದವನಿಗೆ ಬಹು ಹಿತವಾದುದು. ಮೊಟ್ಟೆಯನ್ನು ಮುಟ್ಟದವರಿಗೂ ಅಲ್ಲಿ ನಿರಾಶೆಯಿಲ್ಲ. ಚಪಾತಿಯನ್ನು ತುಂಡುತುಂಡಾಗಿ ಕತ್ತರಿಸಿ ಬೇಯಿಸಿದ ಹುರುಳಿಕಾಯಿ ಬೀಜಗಳೊಡನೆ ಬೆರಸಿದ ‘ಕಿಕೊಮಾಂಡೊ’ ಎಂಬ ತಿಂಡಿಯು ಅದೇ ಒಲೆಯ ಬಳಿ ದೊರೆಯುವುದು. ಅಗ್ಗದಲ್ಲಿ ಹೊಟ್ಟೆ ತುಂಬಿಸುವ ಅದು ಬಡವರ ಊಟವೆಂದು ಹೆಸರಾಗಿದೆ.

ರೊಲೆಕ್ಸ್ ಎಂಬ ಹೆಸರಿನಲ್ಲಿ ಒಂದು ನಗೆಯುಂಟು. ಸುತ್ತಿದ ಮೊಟ್ಟೆ ಎಂಬರ್ಥದ ‘ರೋಲ್ಡ್ ಎಗ್ಸ್’ ಎಂಬ ಇಂಗ್ಲಿಷು ಮಾತು ಅವಸರದ ಬಾಯಲ್ಲಿ ಸವೆದು ಹೀಗಾಯಿತೆನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಬಹುಮೂಲ್ಯವಾದ ಗಡಿಯಾರದ ಹೆಸರು ಹೀಗೆ ಬೀದಿಯ ಬದಿಯ ತಿಂಡಿಗೆ ಅಂಟಿಕೊಂಡಿತು. ಉಗಾಂಡದ ಪೂರ್ವಭಾಗದಲ್ಲಿರುವ ಬುಸೋಗ ಪ್ರಾಂತದ ವ್ಯಾಪಾರಿಗಳು ಇದನ್ನು ರೂಢಿಗೆ ತಂದರೆಂದೂ, ಅಡುಗೆಗೆ ಪುರುಸೊತ್ತಿಲ್ಲದ ಮಕೆರೆರೆಯ ವಿದ್ಯಾರ್ಥಿಗಳು ಇದನ್ನು ಹಬ್ಬಿಸಿದರೆಂದೂ ಕಂಪಾಲದಲ್ಲಿ ಮಾತಿದೆ. ಹೆಸರು ಹೇಗೇ ಬಂದಿರಲಿ, ಚರಿತ್ರೆಯನ್ನು ಅರಸುವವನಿಗೆ ಏಳುವ ಪ್ರಶ್ನೆಯು ಬೇರೆ. ಗೋದಿಯನ್ನು ಹೆಚ್ಚಾಗಿ ಬೆಳೆಯದ ದೇಶದಲ್ಲಿ ಗೋದಿಯ ರೊಟ್ಟಿಯು ಜನಸಾಮಾನ್ಯರ ಆಹಾರವಾದುದು ಹೇಗೆ? ಅದನ್ನು ತಂದವರನ್ನು 1972ರಲ್ಲಿ ದೇಶದಿಂದ ಹೊರಡಿಸಿದರಷ್ಟೆ. ಅವರೊಡನೆ ಅದೂ ಹೊರಟುಹೋಗದೆ ಉಳಿದುದು ಹೇಗೆ?

ಉಗಾಂಡದ ಮಧ್ಯಭಾಗದಲ್ಲಿ ಬುಗಾಂಡವೆಂಬ ಪ್ರಾಚೀನ ರಾಜ್ಯವಿದೆ. ಅಲ್ಲಿಯವರ ಮುಖ್ಯವಾದ ಆಹಾರ ‘ಮಟೋಕೆ’: ಹಸಿಯ ಬಾಳೆಕಾಯಿಯ ಸಿಪ್ಪೆ ತೆಗೆದು, ಬಾಳೆಯೆಲೆಯಲ್ಲಿ ಕಟ್ಟಿ, ಹಬೆಯಲ್ಲಿ ಬೇಯಿಸಿ ಹಿಸುಕಿದುದು. ಉಳಿದ ಪ್ರಾಂತಗಳಲ್ಲಿ ಮರಗೆಣಸು, ಸಿಹಿಗೆಣಸು, ಜೋಳ, ರಾಗಿಗಳುಂಟು. ಗೋದಿಯ ಬೆಳೆಯು ಎಲ್ಗಾನ್ ಪರ್ವತದ ತಪ್ಪಲಿನಂತಹ ತಂಪಾದ ಎಡೆಗಳಲ್ಲಿ ಮಾತ್ರ ಅಲ್ಪಸ್ವಲ್ಪವಾಗಿ ಆಗುವುದು. ಉಳಿದ ಗೋದಿಯೆಲ್ಲವೂ ಹೊರಗಿನಿಂದ ಬರತಕ್ಕದ್ದು.

ಇತ್ತ ಹಿಂದೂಸ್ಥಾನದಲ್ಲಿ ಗೋದಿಯ ಭಕ್ಷ್ಯಗಳ ಪರಂಪರೆಯು ದೀರ್ಘವಾದುದು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಂಡಕ, ಪೋಲಿಕಾ ಎಂಬ ಗೋದಿಯ ಭಕ್ಷ್ಯಗಳು ವರ್ಣಿತವಾಗಿವೆ. ಅಕ್ಬರ ಪಾದಶಹನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ ಚಪಾತಿಯ ಹೆಸರೇ ಬರುತ್ತದೆ. ಸಂಸ್ಕೃತ ಕೋಶಗಳಲ್ಲಿ ‘ಚರ್ಪಟ’ ಎಂದರೆ ಬಿಚ್ಚಿದ ಅಂಗೈ, ‘ಚರ್ಪಟೀ’ ಎಂದರೆ ಒಂದು ಬಗೆಯ ತೆಳ್ಳನೆಯ ಭಕ್ಷ್ಯ. ಹಿಟ್ಟನ್ನು ಅಂಗೈಯಿಂದ ತಟ್ಟಿ ಅಗಲಿಸುವ ಕೈಗೆಲಸವೇ ಹೆಸರಿನಲ್ಲಿ ನಿಂತಿರುವಂತೆ ಕಾಣುತ್ತದೆ. ಈ ಕೈಗೆಲಸವು ಸಮುದ್ರವನ್ನು ದಾಟಿ, ಆಫ್ರಿಕದ ಒಳನಾಡಿನವರೆಗೆ ಹೋಗುವುದಕ್ಕೆ ಕಾರಣವಾದುದು ಒಂದು ರೈಲುದಾರಿ.

ಗುಜರಾತಿನ ಬಂದರುಗಳಿಗೂ ಮೊಂಬಾಸ, ಜಂಜಿಬಾರ್ ಮುಂತಾದ ಆಫ್ರಿಕದ ಬಂದರುಗಳಿಗೂ ವ್ಯಾಪಾರವು ಬಹುಕಾಲದಿಂದ ನಡೆಯುತ್ತಿದ್ದಿತು. ಮಳೆಗಾಲದ ಗಾಳಿಯನ್ನು ನಂಬಿ ಹಾಯಿಹಡಗುಗಳು ಹೋಗಿ ಬರುತ್ತಿದ್ದವು. ಆದರೆ ಈ ವರ್ತಕರಲ್ಲಿ ಬಹುಮಂದಿ ಕರಾವಳಿಯಲ್ಲಿಯೇ ನಿಲ್ಲುತ್ತಿದ್ದರು. ಆಂಗ್ಲ ಸರ್ಕಾರವು 1896ರಲ್ಲಿ ಮೊಂಬಾಸದಿಂದ ವಿಕ್ಟೋರಿಯ ಸರೋವರದ ಕಡೆಗೆ ರೈಲುದಾರಿಯನ್ನು ಹಾಕಿಸಲು ತೊಡಗಿತು. 580 ಮೈಲಿಗಳಷ್ಟು ಉದ್ದದ ಆ ದಾರಿಯು 1901ರ ಡಿಸೆಂಬರಿನಲ್ಲಿ ಸರೋವರದ ದಡವನ್ನು ಮುಟ್ಟಿತು. ಈ ಕೆಲಸಕ್ಕಾಗಿ ಹಿಂದೂಸ್ಥಾನದಿಂದ, ಮುಖ್ಯವಾಗಿ ಪಂಜಾಬಿನಿಂದ, ಕರಾರಿನ ಮೇಲೆ ಕರೆದೊಯ್ದ ಕೂಲಿಗಳ ಸಂಖ್ಯೆ ಸುಮಾರು 32,000. ಅವರಲ್ಲಿ ರೋಗದಿಂದಲೂ ಅಪಘಾತದಿಂದಲೂ ಸತ್ತವರು ಸುಮಾರು 2,500. ತ್ಸಾವೊ ನದಿಯ ಸೇತುವೆಯ ಬಳಿ 1898ರಲ್ಲಿ ಎರಡು ಸಿಂಹಗಳು ಕೂಲಿಗಳನ್ನು ಡೇರೆಯಿಂದಲೇ ಎಳೆದೊಯ್ದ ಕಥೆಯು ಲೋಕಪ್ರಸಿದ್ಧವಾಗಿದೆ. ಆದರೆ ಸಿಂಹಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಂಡುಹೋದುದು ರೋಗ.

ಕರಾಚಿಯ ಎ. ಎಂ. ಜೀವನ್‌ಜೀ ಎಂಬ ಗುತ್ತಿಗೆದಾರರು ಈ ಕೂಲಿಗಳನ್ನು ಒದಗಿಸುವುದರೊಡನೆ ಅವರ ಆಹಾರವನ್ನು ಸಾಗಿಸುವ ಕೆಲಸವನ್ನೂ ವಹಿಸಿಕೊಂಡಿದ್ದರು. ಹಿಟ್ಟು, ಅಕ್ಕಿ, ಬೇಳೆ, ತುಪ್ಪ ಇವು ಹಡಗಿನಲ್ಲಿ ಬಂದು, ಹೊಸದಾಗಿ ಹಾಕಿದ ಹಳಿಯ ಮೇಲೆ ಸಾಗಿ, ಕೂಲಿಯ ಡೇರೆಯನ್ನು ಸೇರುತ್ತಿದ್ದವು. ಹಗಲೆಲ್ಲ ಮಣ್ಣು ಅಗೆದು ಹಳಿ ಹೊತ್ತವನು ಸಂಜೆ ಮೂರು ಕಲ್ಲಿನ ಒಲೆಯ ಮುಂದೆ ಕುಳಿತು ತನ್ನ ರೊಟ್ಟಿಯನ್ನು ತಾನೇ ತಟ್ಟಿಕೊಳ್ಳುತ್ತಿದ್ದನು. ಅಂದಿನ ಕೂಲಿಯ ಅಡುಗೆಯನ್ನು ಯಾರೂ ಚರಿತ್ರೆಯೆಂದು ಎಣಿಸಲಿಲ್ಲ. ಹಳಿಗಳ ಮೈಲಿಯನ್ನು ಲೆಕ್ಕವಿಟ್ಟ ಸರ್ಕಾರದ ವರದಿಗಳು ರೊಟ್ಟಿಗಳನ್ನು ಲೆಕ್ಕವಿಡಲಿಲ್ಲ.

ಆ ರೈಲಿನ ನೆನಪು ಇಂದಿಗೂ ಅಲ್ಲಿಯವರ ಮಾತಿನಲ್ಲಿದೆ. ಬುಗಾಂಡದ ಭಾಷೆಯಾದ ಲುಗಾಂಡದಲ್ಲಿ ರೈಲಿಗೆ ‘ಎಗ್ಗಾಲಿ ಯೊಮುಕ್ಕ’ ಎನ್ನುತ್ತಾರೆ. ‘ಮುಕ್ಕ’ ಎಂದರೆ ಹೊಗೆ. ‘ಗಾಲಿ’ ಎಂಬುದು ಹಿಂದೂಸ್ಥಾನದ ಗಾಡಿಯೇ. ಸಂಸ್ಕೃತ ಬಲ್ಲವರು ಇತ್ತ ‘ಧೂಮಶಕಟ’ವೆಂಬ ಮಾತನ್ನು ಕಟ್ಟಿಕೊಂಡಂತೆ, ಅತ್ತ ಆ ಜನರೂ ಅದೇ ಭಾವದ ಮಾತನ್ನು ಕಟ್ಟಿಕೊಂಡರು. ಅಂಗಡಿಗೆ ‘ದೂಕ’, ಟೀಗೆ ‘ಚಾಯಿ’ ಎನ್ನುತ್ತಾರೆ. ಇದ್ದಲ ಒಲೆಗೆ ‘ಸಿಗಿರಿ’ ಎಂದು ಹೆಸರು. ಹಿಂದಿಯ ‘ಸಿಗಡೀ’ಯನ್ನು ಬಲ್ಲವನ ಕಿವಿಗೆ ಅದು ಹೊಸದಲ್ಲ.

ಇಲ್ಲಿ ಜನರಲ್ಲಿ ರೂಢವಾಗಿರುವ ಒಂದು ತಪ್ಪು ಅಭಿಪ್ರಾಯವನ್ನು ತಿದ್ದಬೇಕಾಗಿದೆ. ಪೂರ್ವ ಆಫ್ರಿಕದ ಹಿಂದೂಸ್ಥಾನಿಗಳೆಲ್ಲರೂ ರೈಲಿನ ಕೂಲಿಗಳ ಸಂತತಿಯೆಂದು ಹಲವರು ಹೇಳುವುದುಂಟು. ಅದು ನಿಜವಲ್ಲ. ಕರಾರು ಮುಗಿದ ಮೇಲೆ ಬಹುಮಂದಿ ಸ್ವದೇಶಕ್ಕೆ ಹಿಂದಿರುಗಿದರು. ನಿಂತವರು 6,700 ಜನರಷ್ಟು ಮಾತ್ರ. ಆ ಮೇಲೆ ಉಗಾಂಡದ ಪೇಟೆಗಳನ್ನು ತುಂಬಿದವರಲ್ಲಿ ಹೆಚ್ಚಿನವರು ಗುಜರಾತು, ಕಚ್ಛ, ಕಾಠಿಯಾವಾಡಗಳಿಂದ ತಮ್ಮ ಖರ್ಚಿನಿಂದಲೇ ಬಂದ ಪಟೇಲರು, ಲೋಹಾಣರು, ಇಸ್ಮಾಯಿಲಿಗಳು, ಬೋಹರರು. ಕಚ್ಛದ ಅಲಿದೀನ ವಿಶ್ರಾಮನು ರೈಲಿಗಿಂತ ಮುಂಚಿತವಾಗಿಯೇ ಹೊರೆಯಾಳುಗಳ ಸಾಲಿನೊಡನೆ ಒಳನಾಡಿನ ವ್ಯಾಪಾರವನ್ನು ಹಿಡಿದಿದ್ದನು. ನಾನಜೀ ಕಾಳಿದಾಸ ಮೆಹತರು ಲುಗಾಜಿಯಲ್ಲಿಯೂ, ಮುಳಜೀಭಾಯಿ ಮಾಧವಾನಿಯವರು ಜಿಂಜದ ಬಳಿಯ ಕಾಕಿರದಲ್ಲಿಯೂ ಸಕ್ಕರೆಯ ಕಾರ್ಖಾನೆಗಳನ್ನು ಕಟ್ಟಿದರು. 1931ರಲ್ಲಿ ರೈಲು ಕಂಪಾಲವನ್ನೇ ಮುಟ್ಟಿತು. ಕೂಲಿಯ ದಪ್ಪರೊಟ್ಟಿಯ ಜೊತೆಗೆ ವರ್ತಕನ ಮನೆಯ ತೆಳ್ಳನೆಯ ರೊಟ್ಟಿಯೂ ಹೀಗೆ ಒಳನಾಡನ್ನು ಸೇರಿತು.

ವ್ಯಾಪಾರವು ಬೆಳೆಯಿತು; ಅದರೊಡನೆ ವೈಮನಸ್ಯವೂ ಬೆಳೆಯಿತು. ಆಂಗ್ಲರ ಆಳ್ವಿಕೆಯಲ್ಲಿ ಸಮಾಜವು ಮೂರು ಅಂತಸ್ತಿನ ಮನೆಯಂತಿದ್ದಿತು: ಮೇಲೆ ಬಿಳಿಯರು, ನಡುವೆ ಹಿಂದೂಸ್ಥಾನಿಗಳು, ಕೆಳಗೆ ನೆಲದ ಮಕ್ಕಳಾದ ಆಫ್ರಿಕದವರು. ಹತ್ತಿಯನ್ನು ಬೆಳೆಯುವವನು ಆಫ್ರಿಕದವನು. ಅದನ್ನು ಕೊಂಡು ಬೀಜ ಬಿಡಿಸುವ ಯಂತ್ರಗಳು ಬಹುಮಟ್ಟಿಗೆ ಹಿಂದೂಸ್ಥಾನಿಗಳ ಕೈಯಲ್ಲಿ. ತಮ್ಮ ಹತ್ತಿಯನ್ನು ತಾವೇ ಬಿಡಿಸಲು ಅವಕಾಶ ಬೇಕೆಂಬುದು 1949ರಲ್ಲಿ ಬುಗಾಂಡದಲ್ಲಿ ದಂಗೆಯೆದ್ದ ರೈತರ ಬೇಡಿಕೆಗಳಲ್ಲಿ ಒಂದು. ಹತ್ತು ವರ್ಷಗಳ ಬಳಿಕ, 1959ರಲ್ಲಿ, ಆಫ್ರಿಕದವರಲ್ಲದವರ ಅಂಗಡಿಗಳಿಗೆ ಬಹಿಷ್ಕಾರ ಬಿದ್ದಿತು.

ದೋಷವು ಆಳುವವರ ಏರ್ಪಾಡಿನಲ್ಲಿ ಇದ್ದಿತೆಂಬುದು ನಿಜ. ಆದರೆ ಅಷ್ಟನ್ನೇ ಹೇಳಿದರೆ ಸತ್ಯದ ಅರ್ಧವನ್ನು ಮುಚ್ಚಿಟ್ಟಂತಾಗುವುದು. ಹಿಂದೂಸ್ಥಾನಿಗಳು ತಾವು ಹೋದಲ್ಲಿಗೆ ಪಂಕ್ತಿಭೇದವನ್ನೂ ಕಟ್ಟಿಕೊಂಡು ಹೋದರು. ಅಂಗಡಿಯ ಕಟ್ಟೆಯ ಮೇಲೆ ಆಫ್ರಿಕದವನೊಡನೆ ಹಗಲೆಲ್ಲ ಮಾತನಾಡಿದವರು ಊಟದ ಹೊತ್ತಿಗೆ ಅವನೊಡನೆ ಎಲೆ ಹಾಕಿ ಕುಳಿತುದು ಅಪೂರ್ವ. ಮದುವೆಯ ಸಂಬಂಧದ ಮಾತಂತೂ ದೂರ. ಒಂದೇ ಬೀದಿಯಲ್ಲಿ ಎರಡು ತಲೆಮಾರು ಬಾಳಿದರೂ ಬಾಳು ಬೇರೆಬೇರೆಯಾಗಿಯೇ ಉಳಿಯಿತು.

ಆದರೆ ಪಂಕ್ತಿಗೆ ಹೊರಗಿನವನೇ ಅಡುಗೆಯ ಮನೆಯ ಒಳಗಿದ್ದನು. ಹಿಂದೂಸ್ಥಾನಿಗಳ ಅನೇಕ ಮನೆಗಳಲ್ಲಿ ಪಾತ್ರೆ ತೊಳೆಯುವುದಕ್ಕೂ, ತರಕಾರಿ ಹೆಚ್ಚುವುದಕ್ಕೂ, ಕಾಲಕ್ರಮದಲ್ಲಿ ಹಿಟ್ಟು ನಾದುವುದಕ್ಕೂ ಆಫ್ರಿಕದ ಆಳುಗಳು ಇದ್ದರು. ಹಿಟ್ಟು ಎಷ್ಟು ಮೆತ್ತಗಿರಬೇಕು, ಕಾವಲಿ ಎಷ್ಟು ಕಾಯಬೇಕು, ಯಾವ ಗಳಿಗೆಯಲ್ಲಿ ಮಗುಚಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ; ಪಕ್ಕದಲ್ಲಿ ನಿಂತು ನೋಡಿದವನ ಕೈಗೆ ತಾನಾಗಿ ಹತ್ತುವುದು. ಗುರುವು ತಾನು ಕಲಿಸುತ್ತಿರುವೆನೆಂದು ತಿಳಿಯಲಿಲ್ಲ. ಶಿಷ್ಯನು ದಕ್ಷಿಣೆ ಕೊಡಲಿಲ್ಲ. ಆದರೂ ವಿದ್ಯೆಯು ಸಂದಿತು. ನೆರೆಯ ಕೆನ್ಯ ದೇಶದ ಅನೇಕ ಆಫ್ರಿಕದ ಮನೆಗಳಲ್ಲಿ ಚಪಾತಿಯು ಕ್ರಿಸ್ಮಸ್ಸಿನಂತಹ ಹಬ್ಬದ ದಿನದ ಅಡುಗೆಯಾಯಿತು. ಅದಕ್ಕಾಗಿ ಮಕ್ಕಳು ವರ್ಷವೆಲ್ಲ ಕಾಯುತ್ತಿದ್ದರು.

ಉಗಾಂಡವು 1962ರ ಅಕ್ಟೋಬರ್ 9ರಂದು ಸ್ವತಂತ್ರವಾಯಿತು. 1971ರ ಜನವರಿ 25ರಂದು ಸೇನಾಧಿಪತಿ ಇದಿ ಅಮೀನನು ಅಧಿಕಾರವನ್ನು ಕಿತ್ತುಕೊಂಡನು. ಮರುವರ್ಷದ ಆಗಸ್ಟ್ ತಿಂಗಳ 4ರಂದು ಏಷ್ಯದವರು ದೇಶವನ್ನು ಬಿಡಬೇಕೆಂದು ಸಾರಿದನು. ಕೊಟ್ಟ ಗಡುವು 90 ದಿನ. ಅರ್ಧ ಲಕ್ಷಕ್ಕೂ ಮೀರಿದ ಜನರು ನವೆಂಬರ್ 8ರೊಳಗೆ ಹೊರಡಬೇಕಾಯಿತು. ಅಲ್ಲಿಯೇ ಹುಟ್ಟಿ, ಬೇರೆ ಊರನ್ನು ಕಾಣದಿದ್ದವರೂ ಅವರಲ್ಲಿ ಇದ್ದರು. ಮನೆ, ಅಂಗಡಿ, ಕಾರ್ಖಾನೆ, ಬ್ಯಾಂಕಿನಲ್ಲಿಟ್ಟ ದುಡ್ಡು ಎಲ್ಲವೂ ಹಿಂದೆ ಉಳಿದವು. ಕುಟುಂಬಕ್ಕೆ ಸುಮಾರು 50 ಪೌಂಡುಗಳಷ್ಟು ಹಣವೂ ಕೈಪೆಟ್ಟಿಗೆಯೂ ಮಾತ್ರ ಜೊತೆಗೆ ಬಂದವು. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಸಿಪಾಯಿಗಳು ತಡೆದು ಮೈಮೇಲಿನ ಒಡವೆಗಳನ್ನು ಕಿತ್ತುಕೊಂಡ ಪ್ರಸಂಗಗಳೂ ನಡೆದವು. ಸುಮಾರು 27,000 ಜನರು ಬ್ರಿಟನ್ನಿಗೂ, ಆರು ಸಾವಿರಕ್ಕೆ ಮೀರಿದ ಜನರು ಕೆನಡಕ್ಕೂ, ಉಳಿದವರು ಹಿಂದೂಸ್ಥಾನ ಮೊದಲಾದ ದೇಶಗಳಿಗೂ ಚದರಿಹೋದರು. ಒಬ್ಬ ಅಂಗಡಿಯವನು ತೂಕದಲ್ಲಿ ಮಾಡಿದ ಮೋಸಕ್ಕೆ ಇಡೀ ಕುಲವನ್ನು ಹೊರಗಟ್ಟುವುದು ಯಾವ ಧರ್ಮಶಾಸ್ತ್ರಕ್ಕೂ ಒಪ್ಪುವ ನ್ಯಾಯವಲ್ಲ.

ಬಿಟ್ಟುಹೋದ ಅಂಗಡಿಗಳು ಸಿಪಾಯಿಗಳಿಗೂ ಅಧಿಕಾರಸ್ಥರ ಬಂಟರಿಗೂ ಹಂಚಿಹೋದವು. ಇದ್ದ ಸರಕು ಮಾರಿ ಮುಗಿಯಿತು. ಹೊಸ ಸರಕನ್ನು ತರುವ ಬಗೆ ಅವರಿಗೆ ತಿಳಿಯಲಿಲ್ಲ. ಸಕ್ಕರೆಯ ಉತ್ಪತ್ತಿಯು ಹೆಚ್ಚುಕಡಿಮೆ ನಿಂತೇಹೋಯಿತು. ಉಪ್ಪು, ಸಾಬೂನು, ಸಕ್ಕರೆಗಳಿಗಾಗಿ ಜನರು ಪರದಾಡಿದರು. 1979ರಲ್ಲಿ ಅಮೀನನು ಓಡಿಹೋದ ಮೇಲೆಯೂ ಅಂತರ್ಯುದ್ಧದಿಂದ ದೇಶವು ನಲುಗಿತು. 1986ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರವು ಹೋದವರನ್ನು ಹಿಂದಕ್ಕೆ ಕರೆದು ಅವರ ಆಸ್ತಿಗಳನ್ನು ಮರಳಿಸುವ ಕಾರ್ಯವನ್ನು ಮುಂದುವರಿಸಿತು. ಕೆಲವರು ಬಂದರು, ಕಾಕಿರ ಲುಗಾಜಿಗಳ ಗಾಣಗಳು ಮತ್ತೆ ತಿರುಗಿದವು. ಬಹುಮಂದಿ ಬರಲಿಲ್ಲ.

ಈ ಹದಿನಾಲ್ಕು ವರ್ಷಗಳ ಕೋಲಾಹಲದಲ್ಲಿ ಜಪ್ತಿಗೆ ಸಿಕ್ಕಿದ್ದೆಲ್ಲವೂ ಹಾಳಾಯಿತು. ಜಪ್ತಿಗೆ ಸಿಕ್ಕದ ಒಂದು ಉಳಿಯಿತು. ಗಿರಣಿಯನ್ನು ಕಿತ್ತುಕೊಂಡವನಿಗೆ ಗಿರಣಿ ನಡೆಸುವ ವಿದ್ಯೆಯು ಕಿತ್ತುಕೊಂಡು ಬರಲಿಲ್ಲ. ಆದರೆ ಚಪಾತಿಯ ವಿದ್ಯೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅಡುಗೆಯ ಮನೆಯ ಮೂಲೆಯಲ್ಲಿ ನಿಂತವನು ಅದನ್ನು ಕಲಿತಿದ್ದನು. ಆದುದರಿಂದ ಕಲಿಸಿದವರು ಹೋದರೂ ಅದು ಹೋಗಲಿಲ್ಲ. ಒಂದು ಒಲೆ, ಒಂದು ಕಾವಲಿ, ಒಂದು ಚೀಲ ಹಿಟ್ಟು ಇಷ್ಟೇ ಬಂಡವಾಳದಿಂದ ಹಳ್ಳಿಯಿಂದ ಬಂದ ತರುಣನು ಪಟ್ಟಣದಲ್ಲಿ ತನ್ನ ಅನ್ನವನ್ನು ಸಂಪಾದಿಸಬಹುದಾಗಿತ್ತು. 1990ರ ದಶಕದಲ್ಲಿ ಮಕೆರೆರೆಯು ಸ್ವಂತ ಖರ್ಚಿನಿಂದ ಓದುವವರಿಗೂ ಬಾಗಿಲು ತೆರೆಯಲು ವಿದ್ಯಾರ್ಥಿಗಳ ಸಂಖ್ಯೆಯು ಬಹಳವಾಗಿ ಏರಿತು. ವಾಂಡೆಗೆಯದ ಒಲೆಗಳಿಗೆ ಗಿರಾಕಿಗಳು ಹೆಚ್ಚಿದರು. 2016ರಲ್ಲಿ ಕಂಪಾಲದಲ್ಲಿ ರೊಲೆಕ್ಸಿನ ಉತ್ಸವವೇ ನಡೆಯಿತು. 2021ರಲ್ಲಿ 200 ಕಿಲೋಗ್ರಾಮಿಗೆ ಮೀರಿದ ತೂಕದ ಒಂದು ರೊಲೆಕ್ಸನ್ನು ಮಾಡಿ ಅದನ್ನು ಜಗತ್ತಿನ ದಾಖಲೆಯ ಪುಸ್ತಕಕ್ಕೆ ಸೇರಿಸಿದರು. ಇಂದು ಅದು ಉಗಾಂಡದವರು ಪರದೇಶದವರಿಗೆ ತಮ್ಮದೆಂದು ಹೆಮ್ಮೆಯಿಂದ ತೋರಿಸುವ ತಿಂಡಿ.

ಹಾಗೆಂದು ಈ ತಿಂಡಿಗೆ ಕಷ್ಟವಿಲ್ಲವೆಂದಲ್ಲ. ಗೋದಿಯು ದೂರದಿಂದ ಬರಬೇಕಾದುದರಿಂದ ದೂರದ ಯುದ್ಧವೂ ಕಾವಲಿಯನ್ನು ಮುಟ್ಟುವುದು. ರಷ್ಯ ದೇಶವು 2022ರಲ್ಲಿ ಯುಕ್ರೇನಿನ ಮೇಲೆ ದಂಡೆತ್ತಿಹೋದಾಗ ಗೋದಿ ಎಣ್ಣೆಗಳ ಬೆಲೆಯು ಏರಿ, ಕಂಪಾಲದ ಚಪಾತಿಯು ತುಟ್ಟಿಯಾಯಿತು. ಬ್ರೆಡ್ಡು ಸಿಕ್ಕದಿದ್ದರೆ ಮರಗೆಣಸನ್ನು ತಿನ್ನಿರಿ ಎಂದು ಆ ದೇಶದ ಅಧ್ಯಕ್ಷರು ಆಗ ಜನರಿಗೆ ಹೇಳಿದರು. ಮಾತಿನಲ್ಲಿ ಯುಕ್ತಿಯಿಲ್ಲದಿಲ್ಲ, ಆದರೂ ಅನೇಕರಿಗೆ ಅದು ರುಚಿಸಲಿಲ್ಲ. ಒಮ್ಮೆ ನಾಲಗೆಗೆ ತನ್ನದಾದುದನ್ನು ಪರದೇಶದ್ದೆಂದು ಬಿಡಿಸುವುದು ಸುಲಭವಲ್ಲ.

ಕನ್ನಡನಾಡಿನ ವಾಚಕರಿಗೆ ಈ ವೃತ್ತಾಂತದಲ್ಲಿ ಇನ್ನೊಂದು ಸ್ವಾರಸ್ಯವುಂಟು. ಉಗಾಂಡದ ಪಶ್ಚಿಮದ ಜನರು ‘ಕಾಲೊ’ ಎಂಬುದೊಂದನ್ನು ಉಣ್ಣುತ್ತಾರೆ. ಕುದಿಯುವ ನೀರಿಗೆ ಕಂದುಬಣ್ಣದ ಹಿಟ್ಟನ್ನು ಹಾಕಿ, ಕೋಲಿನಿಂದ ತಿರುವಿ ಗಟ್ಟಿ ಮಾಡಿ, ಚಿಕ್ಕ ಬುಟ್ಟಿಯಲ್ಲಿಟ್ಟು ಬಡಿಸುವರು. ಉಣ್ಣುವವರು ಬೆರಳಿನಿಂದ ಮುರಿದು, ಗೊಜ್ಜಿನಲ್ಲಿ ಅದ್ದಿ ಬಾಯಿಗಿಡುವರು. ಅದು ರಾಗಿಯ ಮುದ್ದೆ. ಕೆಲವೆಡೆ ಮರಗೆಣಸಿನ ಹಿಟ್ಟನ್ನು ಬೆರಸುವುದುಂಟು, ಅಷ್ಟೇ ವ್ಯತ್ಯಾಸ. ಹಿಂದೂಸ್ಥಾನದಿಂದ ಅದು ಅಲ್ಲಿಗೆ ಹೋದುದಲ್ಲ. ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ನೆಲವೇ ರಾಗಿಯ ಮೂಲಸ್ಥಾನವೆಂದೂ, ಸಾವಿರಾರು ವರ್ಷಗಳ ಹಿಂದೆ ಅದು ಆಫ್ರಿಕದಿಂದ ಹಿಂದೂಸ್ಥಾನಕ್ಕೆ ಬಂದಿತೆಂದೂ ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಅದನ್ನು ತಂದವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಬಯಲುಸೀಮೆಯ ಒಕ್ಕಲಿಗನು ರಾಗಿಯನ್ನು ತನ್ನ ಹೊಲದಲ್ಲಿಯೇ ಹುಟ್ಟಿದ ಧಾನ್ಯವೆಂದು ತಿಳಿದಿದ್ದಾನೆ. ಅದರ ಕಣಜಕ್ಕೆ ಪೂಜೆ ಸಲ್ಲಿಸುತ್ತಾನೆ. ಅವನನ್ನು ತಪ್ಪೆನ್ನುವವರು ಯಾರು?

ರಾಗಿಯು ಇತ್ತ ಬಂದ ದಾರಿಯಲ್ಲಿಯೇ, ಬಹುಕಾಲದ ಮೇಲೆ, ಗೋದಿಯ ರೊಟ್ಟಿಯು ಅತ್ತ ಹೋಯಿತು. ಮೊದಲನೆಯದರ ನೆನಪು ಅಳಿದುಹೋಗಿದೆ. ಎರಡನೆಯದರ ನೆನಪು ಇನ್ನೂ ಹಸಿಯಾಗಿದೆ, ಅದರೊಳಗೆ ನೋವೂ ಇದೆ. ಲೆಸ್ಟರಿನಲ್ಲಿಯೋ ಟೊರಾಂಟೊವಿನಲ್ಲಿಯೋ ಮುಪ್ಪಿನ ದಿನಗಳನ್ನು ಕಳೆಯುತ್ತಿರುವ ಕಂಪಾಲದ ಗುಜರಾತಿ ಮುದುಕಿಯು ಇಂದು ಅದೇ ಹಿಟ್ಟನ್ನು ನಾದುತ್ತಾಳೆ. ವಾಂಡೆಗೆಯದ ತರುಣನೂ ನಾದುತ್ತಾನೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಎಂದೂ ಕುಳಿತವರಲ್ಲ. ಅವನು ಅವಳ ಹೆಸರನ್ನು ಅರಿಯನು; ಕರಾಚಿಯ ಬಂದರನ್ನೂ ಜೀವನ್‌ಜೀಯ ಹಡಗುಗಳನ್ನೂ ಕೇಳಿರಲಾರನು. ಅವನಿಗೆ ಅದು ಅಗತ್ಯವೂ ಅಲ್ಲ. ಎದುರಿಗೆ ಹಸಿದು ನಿಂತವನು ಎಷ್ಟು ಮೊಟ್ಟೆ ಎಂದು ಹೇಳುವುದನ್ನೇ ಕಾಯುತ್ತ ಅವನು ಕಾವಲಿಗೆ ಎಣ್ಣೆ ಸವರುತ್ತಿರುತ್ತಾನೆ.